ಧಾತು ಸಂವತ್ಸರದ ಹಿಸ್ಸೆ ಪತ್ರ: ಹಣ ಕೊಡದೆ ವಂಶದ ಮೂಲ ಹುಡುಕಲು ಎಲ್ಲಿ ನೆರವು ಸಿಗುತ್ತದೆ?

ಗಂಗಾವಳಿ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲಮನೆ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿದೆ. ನಾನು ಇಪ್ಪತ್ತು ವರ್ಷಗಳಿಂದ ಹುಬ್ಬಳ್ಳಿಯಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ತಂದೆಯವರು ತೀರಿಕೊಂಡ ಬಳಿಕ ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಇಳಿಸಿ ನೋಡಿದಾಗ, ಕಂದಾಯದ ರಸೀದಿಗಳ ಕಟ್ಟಿನ ನಡುವೆ ನಾಲ್ಕು ಮಡಿಕೆಯಾಗಿ ಮಡಚಿಟ್ಟಿದ್ದ ಒಂದು ಹಿಸ್ಸೆ ಪತ್ರ ಸಿಕ್ಕಿತು. ಅದು ಛಾಪಾ ಕಾಗದದ ಮೇಲೆ ಬರೆದದ್ದು. ಗಣಪತಿ ಬಿನ್ ಸುಬ್ರಾಯ ಮತ್ತು ನಾರಾಯಣ ಬಿನ್ ಸುಬ್ರಾಯ ಎಂಬ ಅಣ್ಣತಮ್ಮಂದಿರು ಗದ್ದೆ, ತೆಂಗಿನ ತೋಟ ಮತ್ತು ಒಂದು ಬಾವಿಯ ನೀರಿನ ಹಕ್ಕನ್ನು ಹಂಚಿಕೊಂಡಿದ್ದಾರೆ. ಗಣಪತಿ ನನ್ನ ಮುತ್ತಜ್ಜನ ಹೆಸರು. ಅವರ ತಂದೆ ಸುಬ್ರಾಯ ಎಂಬುದೂ ನಮಗೆ ಗೊತ್ತು. ಆದರೆ ಮುತ್ತಜ್ಜನಿಗೆ ನಾರಾಯಣ ಎಂಬ ತಮ್ಮನಿದ್ದನೆಂದು ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಪತ್ರದಲ್ಲಿ ಇಸವಿ ಇಲ್ಲ, "ಧಾತು ಸಂವತ್ಸರದ ಮಾಘ ಶುದ್ಧ" ಎಂದಷ್ಟೇ ಇದೆ.

ವಂಶಾವಳಿ ಸಿದ್ಧಪಡಿಸಿಕೊಡುವುದಾಗಿ ಪ್ರಚಾರ ಮಾಡುವ ಒಬ್ಬರನ್ನು ವಿಚಾರಿಸಿದೆ. ಅವರು ಹದಿನೆಂಟು ಸಾವಿರ ರೂಪಾಯಿ ಹೇಳಿ, ಅರ್ಧ ಹಣವನ್ನು ಮುಂಗಡವಾಗಿ ಕೇಳಿದರು. ಮಾದರಿಗೆಂದು ಕಳುಹಿಸಿದ ಇನ್ನೊಂದು ಮನೆತನದ ಪಟ್ಟಿ ಒಬ್ಬ ಋಷಿಯಿಂದ ಆರಂಭವಾಗಿ, ನಡುವೆ ಎಷ್ಟೋ ಶತಮಾನಗಳನ್ನು ಒಂದೇ ಗೆರೆಯಲ್ಲಿ ದಾಟಿ, ನೇರವಾಗಿ ಈಗಿನವರ ಅಜ್ಜನ ಬಳಿಗೆ ಬಂದಿತ್ತು. ನನಗೆ ಧೈರ್ಯ ಸಾಲಲಿಲ್ಲ. ಹಣ ತೆಗೆದುಕೊಳ್ಳದೆ ದಾರಿ ತೋರಿಸುವ ವ್ಯಕ್ತಿಗಳು, ಕಚೇರಿಗಳು ಅಥವಾ ಸಂಗ್ರಹಗಳು ನಮ್ಮ ಜಿಲ್ಲೆಯವರಿಗೆ ಯಾವುವಿವೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಶಿರಸಿ ತೋಟಿಗ

ಮುಂಗಡ ಕೊಡದೆ ಒಳ್ಳೆಯದು ಮಾಡಿದಿರಿ. ನಾನು ನಮ್ಮ ಮನೆತನದ್ದಲ್ಲದೆ ಇನ್ನೂ ಎರಡು ಬಂಧುಗಳ ಮನೆಯ ವಂಶಾವಳಿಯನ್ನು ಬಿಡುವಿದ್ದಾಗ ಬರೆದುಕೊಟ್ಟಿದ್ದೇನೆ. ಆ ಅನುಭವದಿಂದ ಒಂದೆರಡು ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಆ ಪತ್ರದ ಗಣಪತಿ ನಿಮ್ಮ ಮುತ್ತಜ್ಜನೇ ಎಂದು ಈಗಲೇ ತೀರ್ಮಾನಿಸಬೇಡಿ. ಸಂವತ್ಸರದ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ. ಧಾತು ಸಂವತ್ಸರ 1876–77ರಲ್ಲಿ ಬಂದಿತ್ತು, ಮತ್ತೆ 1936–37ರಲ್ಲಿಯೂ ಬಂದಿತ್ತು. ಹಿರಿಯರು ಇಂದಿಗೂ "ಧಾತು ಬರ" ಎನ್ನುವುದು ಮೊದಲನೆಯ ಧಾತುವಿನ ಬರವನ್ನು. ಇನ್ನು ನಮ್ಮ ಕಡೆ ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇರುವುದರಿಂದ ಗಣಪತಿ ಸುಬ್ರಾಯ, ಸುಬ್ರಾಯ ಗಣಪತಿ, ಮತ್ತೆ ಗಣಪತಿ ಸುಬ್ರಾಯ ಎಂದು ಎರಡೇ ಹೆಸರುಗಳು ನೂರೈವತ್ತು ವರ್ಷ ಓಡುತ್ತವೆ. 1937ರ ಗಣಪತಿ ನಿಮ್ಮ ಮುತ್ತಜ್ಜನಾದರೆ, 1877ರ ಗಣಪತಿ ಆ ಮುತ್ತಜ್ಜನ ಅಜ್ಜನೂ ಆಗಿರಬಹುದು. ಹೆಸರು ನೋಡಿದರೆ ಎರಡೂ ಹೊಂದುತ್ತವೆ. ಕಾಗದದ ಮೇಲಿನ ಛಾಪೆಯಲ್ಲಿ ರಾಣಿಯ ತಲೆ ಇದೆಯೇ, ರಾಜನದೇ ನೋಡಿ. ಹಿಂಬದಿಯಲ್ಲಿ ಛಾಪಾ ಕಾಗದ ಮಾರಿದವನ ಷರಾ ಇರುತ್ತದೆ. ಯಾರಿಗೆ, ಯಾವ ತಾರೀಖಿಗೆ ಮಾರಿದ್ದು ಎಂಬುದನ್ನು ಅವನು ಇಸವಿ ಹಾಕಿಯೇ ಬರೆದಿರುತ್ತಾನೆ. ಮುಂಬದಿಯನ್ನು ಮಾತ್ರ ಓದಿ ಮಡಚಿಡುವವರೇ ಹೆಚ್ಚು.

ಎರಡನೆಯದು, ಮನೆಯಲ್ಲಿರುವ ಅತ್ಯಂತ ಹಿರಿಯ ಹೆಂಗಸನ್ನು ಮಾತನಾಡಿಸಿ, ಮತ್ತು "ನಮ್ಮ ಹಿಂದಿನವರು ಯಾರು" ಎಂದು ಕೇಳದೆ "ಯಾವ ಯಾವ ಮನೆಯ ಸೂತಕ ನಮಗೆ ಬರುತ್ತಿತ್ತು" ಎಂದು ಕೇಳಿ. ಗಂಡಸರು ಹೆಸರು ಮರೆಯುತ್ತಾರೆ. ಆದರೆ ಹಬ್ಬದ ಅಡಿಗೆ ನಿಲ್ಲಿಸಬೇಕಾದದ್ದು ಯಾವ ಮನೆಯಲ್ಲಿ ಸಾವಾದಾಗ ಎಂಬುದು ಅಡಿಗೆಮನೆಯಲ್ಲಿದ್ದವರಿಗೆ ಮರೆಯುವುದಿಲ್ಲ. ಸೂತಕ ಬಂತೆಂದರೆ ಅವರು ದಾಯಾದಿಗಳು, ಮೂಲಪುರುಷ ಒಬ್ಬನೇ. ಹತ್ತು ದಿನವೋ ಮೂರು ದಿನವೋ ಎಂಬುದರಿಂದ ಸಂಬಂಧ ಎಷ್ಟು ಹತ್ತಿರದ್ದು ಎಂಬ ಅಂದಾಜೂ ಸಿಗುತ್ತದೆ. ಶ್ರಾದ್ಧದಲ್ಲಿ ತಂದೆಯ ಕಡೆಯಿಂದ ಮೂರು ತಲೆ, ತಾಯಿಯ ತವರಿನ ಕಡೆಯಿಂದ ಮೂರು ತಲೆಯ ಹೆಸರು ಹೇಳುತ್ತಾರೆ. ನಿಮ್ಮ ಅಜ್ಜ ಶ್ರಾದ್ಧ ಮಾಡುತ್ತಿದ್ದಾಗ ಪುರೋಹಿತರು ಬರೆದಿಟ್ಟುಕೊಂಡ ಚೀಟಿ ಅವರ ಮನೆಯಲ್ಲಿ ಉಳಿದಿದ್ದರೆ, ಅದು ನಿಮಗಿಂತ ಐದು ತಲೆ ಹಿಂದಕ್ಕೆ ಮುಟ್ಟುತ್ತದೆ. ಗೋಕರ್ಣದಲ್ಲಿ ನಿಮ್ಮ ಮನೆತನಕ್ಕೆ ನಡೆದುಬಂದ ಉಪಾಧ್ಯಾಯರ ಮನೆ ಇದ್ದರೆ ಅಲ್ಲಿಯೂ ವಿಚಾರಿಸಿ.

ಕುಮಟೆಯ ನಿವೃತ್ತ ಗ್ರಾಮಲೆಕ್ಕಿಗ

ತೋಟಿಗರು ಮನೆಯೊಳಗಿನ ದಾರಿ ಹೇಳಿದ್ದಾರೆ. ನಾನು ಕಚೇರಿಯ ದಾರಿ ಹೇಳುತ್ತೇನೆ. ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿದ್ದವನು ನಾನು, ಕಪಾಟಿನ ಆಚೆ ಬದಿಯಲ್ಲಿ ನಿಂತು ನೋಡಿದ್ದೇನೆ.

ನಮ್ಮ ಜಿಲ್ಲೆಯ ಕಾಗದಗಳು ಆಡಳಿತದ ಗಡಿಯನ್ನು ಹಿಂಬಾಲಿಸಿ ಹೋಗಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆ ಮದರಾಸು ಸರಕಾರದ ಕೈಗೆ ಹೋಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮುಂದೆ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರ ಭಾಗ, ಅಂದರೆ ನಮ್ಮ ಜಿಲ್ಲೆ, ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಆದ್ದರಿಂದ 1862ಕ್ಕಿಂತ ಹಿಂದಿನ ಸರಕಾರಿ ಪತ್ರವ್ಯವಹಾರಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನೂ, ಅಲ್ಲಿಂದ 1956ರವರೆಗಿನದಕ್ಕೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರವನ್ನೂ ನೋಡಬೇಕು. ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯ ಹಳೆಯ ಕಾಗದ ಹುಡುಕಿ ಬರಿಗೈಯಲ್ಲಿ ಬಂದವರನ್ನು ನಾನು ಬಲ್ಲೆ. ಮದರಾಸಿನ ಕಾಲದ ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಕಂಡರೆ ಅದಕ್ಕೆ 590 ಕೂಡಿಸಿಕೊಳ್ಳಿ. ಫಸಲಿ 1260 ಎಂದರೆ 1850–51.

ಆದರೆ ಒಂದು ಸಾಮಾನ್ಯ ಒಕ್ಕಲು ಮನೆತನದ ಹೆಸರು ಪ್ರಾಂತದ ಪತ್ರಾಗಾರದಲ್ಲಿ ಸಿಗುವುದು ಅಪರೂಪ. ನಿಮಗೆ ಬೇಕಾದದ್ದು ತಾಲೂಕಿನಲ್ಲಿಯೇ ಇದೆ. ಹಿಸ್ಸೆ ಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯ ಒಂದನೆಯ ಪುಸ್ತಕದಲ್ಲಿ ಅದರ ನಕಲು ಇರುತ್ತದೆ, ಅದಕ್ಕೆ ಹೆಸರಿನ ಸೂಚಿಯೂ ಇರುತ್ತದೆ. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಆ ಪುಸ್ತಕವನ್ನು ಯಾರು ಬೇಕಾದರೂ ಅರ್ಜಿ ಕೊಟ್ಟು ನೋಡಬಹುದು. ಶುಲ್ಕವಿದೆ, ಆದರೆ ಅಲ್ಪ. ಗಣಪತಿಯ ಹೆಸರಿನಲ್ಲಿ ಹುಡುಕಬೇಡಿ, ನಿಮ್ಮ ಊರಿನಲ್ಲಿಯೇ ಹತ್ತು ಗಣಪತಿಗಳಿರುತ್ತಾರೆ. ನಾರಾಯಣ ಬಿನ್ ಸುಬ್ರಾಯ ಎಂದು ಹುಡುಕಿ.

ಭೂಮಿ ಜಾಲತಾಣದಲ್ಲಿ ಈಗಿನ ಪಹಣಿಯನ್ನು ಖರ್ಚಿಲ್ಲದೆ ನೋಡಬಹುದು. ಅಲ್ಲಿಂದ ಸರ್ವೆ ನಂಬರು ಹಿಡಿದು ಕೈಬರಹದ ಪಹಣಿಗೆ, ಅಲ್ಲಿಂದ ವಾರಸಾ ವರ್ದಿಗೆ ಹಿಂದೆ ಹಿಂದೆ ಹೋಗಬೇಕು. ವರ್ದಿಯಲ್ಲಿ ಇಂಥವರು ಇಂಥ ದಿನ ಮೃತರಾದರು, ವಾರಸುದಾರರು ಇಂತಿಂಥವರು ಎಂದು ಹೆಂಡತಿ ಮಕ್ಕಳ ಹೆಸರು ಸಹಿತ ಬರೆದಿರುತ್ತದೆ. ವಂಶಾವಳಿಗೆ ಇದಕ್ಕಿಂತ ನಂಬಿಕೆಯ ಕಾಗದ ಇಲ್ಲ. ತಹಶೀಲ್ದಾರ್ ಕಚೇರಿಯ ಹಳೆಯ ದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡುತ್ತಿರುವುದರಿಂದ ಮೊದಲಿನಷ್ಟು ಧೂಳು ಕುಡಿಯಬೇಕಾಗಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಆದರೆ "ನಮ್ಮ ವಂಶದ ಮಾಹಿತಿ ಕೊಡಿ" ಎಂದು ಬರೆದರೆ ಅರ್ಜಿ ತಿರಸ್ಕೃತವಾಗುತ್ತದೆ, ಆಗಲೇಬೇಕು. ಕಚೇರಿ ಇರುವ ಕಾಗದವನ್ನು ಕೊಡುತ್ತದೆಯೇ ಹೊರತು ನಿಮ್ಮ ಪರವಾಗಿ ಸಂಶೋಧನೆ ಮಾಡುವುದಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ಊರು, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗಿನ ವರ್ದಿ ಎಂದು ಚೊಕ್ಕವಾಗಿ ಕೇಳಿ.

ಇನ್ನೊಂದು ಮಾತು. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವೇ ವಂಶದ ಇತಿಹಾಸ ಎಂದು ತಿಳಿದು ಅನೇಕರು ಬರುತ್ತಿದ್ದರು. ಅದು ಆಸ್ತಿಯ ವಾರಸುದಾರರನ್ನು ಗುರುತಿಸಲು ಅರ್ಜಿದಾರರು ಹೇಳಿದ್ದನ್ನು ವಿಚಾರಣೆ ಮಾಡಿ ಕೊಡುವ ಪತ್ರ. ನೀವು ಹೇಳದ ಅಜ್ಜನನ್ನು ಅದು ಹುಡುಕಿಕೊಡುವುದಿಲ್ಲ.

ಹಾಲಕ್ಕಿ ಕೊಪ್ಪದವಳು

ಹಿರಿಯರು ಬರೆದದ್ದನ್ನೆಲ್ಲ ಗೌರವದಿಂದ ಓದಿದೆ. ಆದರೆ ಹಿಸ್ಸೆ ಪತ್ರ, ಪುರೋಹಿತರ ಚೀಟಿ, ಛಾಪಾ ಕಾಗದ ಇವೆಲ್ಲ ಭೂಮಿ ಇದ್ದವರ ಮನೆಯ ಮಾತಾಯಿತು. ನಮ್ಮ ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ ಅಜ್ಜನ ಕಾಲಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ. ನಮ್ಮಲ್ಲಿ ಉಳಿದಿರುವುದು ಬಳಿ, ಅಂದರೆ ಕುಲದ ಹೆಸರು. ಒಂದೇ ಬಳಿಯವರಲ್ಲಿ ಮದುವೆ ಇಲ್ಲ, ಆದ್ದರಿಂದ ಯಾರು ಯಾವ ಬಳಿ ಎಂಬುದು ಪ್ರತಿಯೊಂದು ಮದುವೆಯ ಮಾತಿನಲ್ಲಿಯೂ ಪರೀಕ್ಷೆಗೆ ಬಂದು ಉಳಿದುಕೊಂಡಿದೆ. ಊರಗೌಡ, ಬುದವಂತ ಎಂಬ ಕೊಪ್ಪದ ಮುಖಂಡರ ಮನೆಗಳಲ್ಲಿ ಹಿರಿಯರು ಯಾವ ಮನೆ ಯಾವ ಸೀಮೆಯಿಂದ ಬಂದದ್ದು ಎಂದು ಹೇಳಬಲ್ಲರು, ಆದರೆ ಅದನ್ನು ಕೇಳಿ ಬರೆದಿಟ್ಟವರು ಕಡಿಮೆ.

ನನಗೆ ಇದು ಹವ್ಯಾಸದ ವಿಷಯವಲ್ಲ. ನಮ್ಮ ಮನೆ ಮತ್ತು ಇಪ್ಪತ್ತು ಗುಂಟೆ ಇರುವುದು ಅರಣ್ಯ ಎಂದು ಬರೆದ ಜಾಗದಲ್ಲಿ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲದ ನಾವು, 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಾಗಿದ್ದೆವೆಂದು ತೋರಿಸಬೇಕು. 1930ರ ಕಾಗದವನ್ನು ಓದು ಬರೆಹ ಬಾರದ ಮನೆಯಲ್ಲಿ ಎಲ್ಲಿಂದ ತರುವುದು? ಇದಕ್ಕೆ ನೆರವು ಉಂಟೇ?

ಕುಮಟೆಯ ನಿವೃತ್ತ ಗ್ರಾಮಲೆಕ್ಕಿಗ

ತಂಗಿ, ನಿಮ್ಮ ಆಕ್ಷೇಪ ನ್ಯಾಯವಾದದ್ದು, ನಾನು ಭೂಮಾಲೀಕರ ಲೆಕ್ಕದಲ್ಲಿಯೇ ಬರೆದೆ. ಈಗ ಬೇರೆ ಲೆಕ್ಕ ಹೇಳುತ್ತೇನೆ.

ಅರಣ್ಯ ಹಕ್ಕಿನ ನಿಯಮಗಳ 13ನೆಯ ನಿಯಮವನ್ನು ಓದಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದು ಸಾಕ್ಷ್ಯ. ಹಳೆಯ ದಾಖಲೆಯಲ್ಲಿ ಹೆಸರಿರುವ ವ್ಯಕ್ತಿಯವರೆಗೆ ಮುಟ್ಟುವ ವಂಶಾವಳಿಯೂ ಸಾಕ್ಷ್ಯ. ಮನೆ, ಬಾವಿ, ಸಮಾಧಿಯ ಜಾಗದಂಥ ಗುರುತುಗಳೂ ಅಲ್ಲಿವೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು, ಆದರೆ ಇಂಥದ್ದೇ ಕಾಗದ ಬೇಕೆಂದು ಹಟ ಹಿಡಿಯುವಂತಿಲ್ಲ. ಹಾಗಾಗಿ ನಿಮ್ಮ ಬುದವಂತರ ನೆನಪಿಗೆ ಕಾನೂನಿನ ಬೆಲೆ ಇದೆ. ಅದನ್ನು ಅವರಿರುವಾಗಲೇ ಬರೆಸಿಕೊಂಡು ಗ್ರಾಮ ಅರಣ್ಯ ಹಕ್ಕು ಸಮಿತಿಯ ಮುಂದೆ ಇಡಬೇಕು. ಮಹಿಳೆಯರಿಗೂ ಪರಿಶಿಷ್ಟರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ನೆರವು ಉಚಿತ. ಕಾರವಾರದವರೆಗೆ ಹೋಗಬೇಕಾಗಿಲ್ಲ, ತಾಲೂಕಿನ ನ್ಯಾಯಾಲಯದಲ್ಲಿರುವ ಸಮಿತಿಗೆ ಅರ್ಜಿ ಕೊಡಬಹುದು.

ಇನ್ನು, ಗೇಣಿ ಮಾಡಿದವರ ಮನೆತನಕ್ಕೆ ಹೇಳಿ ಮಾಡಿಸಿದ ಒಂದು ಕಡತವಿದೆ, ಅದನ್ನು ಯಾರೂ ಕೇಳುವುದಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಅವಧಿಯನ್ನು ವಿಸ್ತರಿಸುತ್ತ ಹೋಗಿ ಕೊನೆಗೆ 1979ರ ಜೂನ್ 30ರವರೆಗೆ ತಂದರು. ಒಡೆಯರು ತಕರಾರು ಮಾಡಿದಲ್ಲೆಲ್ಲ ಭೂನ್ಯಾಯಮಂಡಳಿ ಇಬ್ಬರ ಹೇಳಿಕೆಯನ್ನೂ ಬರೆದುಕೊಂಡಿತು. "ಈ ಗದ್ದೆಯನ್ನು ನನ್ನ ಅಜ್ಜ ಇಂಥವರು ಮಾಡುತ್ತಿದ್ದರು, ಅವರ ನಂತರ ನನ್ನ ತಂದೆ ಮತ್ತು ಚಿಕ್ಕಪ್ಪ, ಗೇಣಿಯನ್ನು ಇಂಥ ಒಡೆಯರ ಮನೆಗೆ ಇಷ್ಟು ಖಂಡುಗ ಅಳೆಯುತ್ತಿದ್ದೆವು" ಎಂಬ ಮಾತುಗಳು ಹೆಬ್ಬೆಟ್ಟಿನ ಗುರುತಿನ ಸಮೇತ ಅಲ್ಲಿವೆ. ತನ್ನ ಬಾಯಿಂದ ತನ್ನ ಅಜ್ಜನ ಹೆಸರನ್ನು ಸರಕಾರದ ಕಾಗದದಲ್ಲಿ ಹೇಳಿ ಬರೆಸುವ ಅವಕಾಶ ಈ ಜಿಲ್ಲೆಯ ಸಾವಿರಾರು ಕುಟುಂಬಗಳಿಗೆ ಸಿಕ್ಕಿದ್ದು ಆಗಲೇ. ಎದುರುಗಡೆಯ ನೆರೆಯವರು ಸಾಕ್ಷಿ ಹೇಳಿದ್ದರಿಂದ ಅವರ ಮನೆಯ ವಿಷಯವೂ ನಡುವೆ ಬರುತ್ತದೆ. ನಿಮ್ಮ ಇಪ್ಪತ್ತು ಗುಂಟೆ ಅರಣ್ಯದ್ದಾದರೂ, ನಿಮ್ಮ ಅಜ್ಜ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡಿದ್ದರೆ ಆ ಕಡತದಲ್ಲಿ ಅವರ ವಾಸದ ಊರು ಬರೆದಿರುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ಒಡೆಯರ ಹೆಸರು ಮತ್ತು ಸರ್ವೆ ನಂಬರು ಕೊಟ್ಟು ಕೇಳಿ. ಕಡತ ಎಂದರೆ ಮೊದಲು ಬಳಪದಿಂದ ಬರೆಯುವ, ಕರಿ ಬಳಿದ ಮಡಿಕೆ ಬಟ್ಟೆಯ ಪುಸ್ತಕ. ಶಾನುಭೋಗರು ಅದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಈಗಿನ ಕಡತವನ್ನು ಒರೆಸಲಾಗುವುದಿಲ್ಲ ಎಂಬುದೇ ಸಮಾಧಾನ.

ಊರಿನ ಹಳೆಯ ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯನ್ನೂ ನೋಡಿ. ಅಜ್ಜ ಎರಡೇ ತಿಂಗಳು ಶಾಲೆಗೆ ಹೋಗಿದ್ದರೂ ತಂದೆಯ ಹೆಸರು, ಊರು, ದಾಖಲಾದ ತಾರೀಖು ಅಲ್ಲಿರುತ್ತದೆ.

ಸದಾಶಿವಗಡ

ಕಾರವಾರದ ಕಡೆಯವರಿಗೆ ಒಂದು ಸೇರ್ಪಡೆ. ಇಲ್ಲಿಯ ಅನೇಕ ಕೊಂಕಣಿ ಮನೆತನಗಳ ಕುಲದೇವರು ಗೋವೆಯಲ್ಲಿದ್ದಾರೆ. ಅಲ್ಲಿಯ ದೇವಸ್ಥಾನಗಳಲ್ಲಿ ಮಹಾಜನರ (ದೇವಸ್ಥಾನದ ಹಕ್ಕುದಾರ ಮನೆತನಗಳ) ಮತ್ತು ಕುಳಾವಿಗಳ (ಆ ದೇವರಿಗೆ ನಡೆದುಕೊಳ್ಳುವವರ) ಪಟ್ಟಿ ಇರುತ್ತದೆ; ಕಾಣಿಕೆ ಕೊಟ್ಟು ಬರುವಾಗ ಆ ಪಟ್ಟಿಯಲ್ಲಿ ನಿಮ್ಮ ಅಡ್ಡಹೆಸರಿನವರು ಯಾವ ಊರಿನವರೆಂದು ಕೇಳಿದರೆ ತೋರಿಸುತ್ತಾರೆ. ಆದರೆ ದೇವಸ್ಥಾನ ಈಗಿರುವ ಊರೇ ನಿಮ್ಮ ಮೂಲ ಊರು ಎಂದು ತಿಳಿಯಬಾರದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಾವಳಿಗೆ ಮಂಗೇಶ ಕುಶಸ್ಥಳಿಯಿಂದ ಪ್ರಿಯೋಳಕ್ಕೆ, ಶಾಂತಾದುರ್ಗೆ ಕೇಳೋಶಿಯಿಂದ ಕವಳೆಗೆ, ಮಹಾಲಸೆ ವೆರ್ಣೆಯಿಂದ ಮಾರ್ದೋಳಕ್ಕೆ ಬಂದವರು. ದೇವರೇ ವಲಸೆ ಬಂದ ಮೇಲೆ ಭಕ್ತರ ಊರನ್ನು ಹಳೆಯ ಸ್ಥಳದ ಸುತ್ತ ಹುಡುಕಬೇಕು.

ಕ್ರೈಸ್ತ ಬಂಧುಗಳಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿವೆ, ಮತ್ತು ಆ ವಿಷಯದಲ್ಲಿ ಅವರು ನಮಗಿಂತ ಪುಣ್ಯವಂತರು. ಕಾರವಾರ ಧರ್ಮಪ್ರಾಂತ್ಯವಾದದ್ದು 1976ರಲ್ಲಿ. ಅದಕ್ಕೆ ಹಿಂದೆ ಬೆಳಗಾವಿ, 1953ಕ್ಕೆ ಹಿಂದೆ ಗೋವೆ. ಇಗರ್ಜಿಯಲ್ಲಿ ಸಿಗದಿದ್ದರೆ ಆ ಕ್ರಮದಲ್ಲಿ ಕೇಳಬೇಕು.

ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ, ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಬಂದವರ ಮಕ್ಕಳು ಭೂಸ್ವಾಧೀನದ ಕಡತ ಕೇಳಲಿ. ಪರಿಹಾರ ಹಂಚುವಾಗ ಪ್ರತಿ ಮನೆಯ ವಾರಸುದಾರರ ಹೆಸರು ಬರೆಯಲೇಬೇಕಾಗಿತ್ತು. ಊರು ಉಳಿಯಲಿಲ್ಲ, ಪಟ್ಟಿ ಉಳಿದಿದೆ.

ದಾದರಿನ ಭಟ್ಕಳಿಗ

ಜಾಲದಲ್ಲಿ ಉಚಿತವಾಗಿ ಸಿಗುವುದರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಫ್ಯಾಮಿಲಿಸರ್ಚ್ ಎಂಬ ತಾಣವನ್ನು ಅಮೆರಿಕದ ಯೂಟಾ ರಾಜ್ಯದ ಒಂದು ಚರ್ಚು ನಡೆಸುತ್ತದೆ. ಖಾತೆ ತೆರೆಯಲು ಹಣವಿಲ್ಲ. ಹರಿದ್ವಾರದಂಥ ತೀರ್ಥಕ್ಷೇತ್ರಗಳ ಪಂಡರು, ಅಂದರೆ ಅಲ್ಲಿಯ ಪುರೋಹಿತರು, ಬರೆದಿಟ್ಟ ವಹಿಗಳ ಚಿತ್ರಗಳು ಅಲ್ಲಿವೆ, ಆದರೆ ಅವು ಹೆಚ್ಚಾಗಿ ಉತ್ತರದವರಿಗೆ ಉಪಯುಕ್ತ. ನಿಮ್ಮ ಮನೆಯಲ್ಲಿ ಹಿಂದೆ ಯಾರಾದರೂ ಕಾಶಿಗೋ ನಾಸಿಕದ ತ್ರ್ಯಂಬಕಕ್ಕೋ ಹೋಗಿದ್ದರೆ, ಅಲ್ಲಿಯ ನಿಮ್ಮ ಪ್ರಾಂತದ ಪಂಡರ ಮನೆಯಲ್ಲಿ ನೇರವಾಗಿ ಕೇಳುವುದೇ ಸರಿ. ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ತಾಣವೂ, 1883ರಲ್ಲಿ ಮುಂಬಯಿ ಸರಕಾರ ಅಚ್ಚು ಹಾಕಿದ ಕೆನರಾ ಗೆಝೆಟಿಯರೂ ಖರ್ಚಿಲ್ಲದೆ ಸಿಗುತ್ತವೆ. ಗೆಝೆಟಿಯರಿನಲ್ಲಿ ಮನೆತನದ ಹೆಸರು ಸಿಗದು, ಆ ಕಾಲದ ನಿಮ್ಮ ಊರು ಹೇಗಿತ್ತೆಂದು ಸಿಗುತ್ತದೆ. ಜನಗಣತಿಯ ಮನೆಮನೆಯ ಪಟ್ಟಿಯನ್ನು ಹುಡುಕಿ ಸಮಯ ಕಳೆಯಬೇಡಿ, ಕಾಯ್ದೆಯ ಪ್ರಕಾರ ಅದನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಎಚ್ಚರ: ಕರಾವಳಿಯ ಕೆಲವು ಸಮಾಜಗಳಲ್ಲಿ ಮದುವೆಯ ದಿನ ವಧುವಿನ ಹೆಸರನ್ನೇ ಬದಲಿಸುತ್ತಿದ್ದರು. ನಮ್ಮ ಅಜ್ಜಿಯನ್ನು ತವರಿನ ಕಾಗದದಲ್ಲಿ ಎರಡು ವರ್ಷ ಹುಡುಕಿದೆ. ಅವರು ಅಲ್ಲಿಯೇ ಇದ್ದರು, ಬೇರೆ ಹೆಸರಿನಲ್ಲಿ. ಹಾಗೆಯೇ, ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರಿನ ಹೆಸರುಗಳನ್ನು ಜಾಲದ ವೃಕ್ಷಗಳಲ್ಲಿ ತುಂಬಬೇಡಿ. ಬ್ಯಾಂಕಿನವರು ಗುರುತು ಪರೀಕ್ಷೆಗೆ ಕೇಳುವುದು ಅವನ್ನೇ.

ಗಂಗಾವಳಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಹದಿನೈದು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಪತ್ರವನ್ನು ಊರಿನಲ್ಲಿಯೇ ಬಿಟ್ಟು ಬಂದಿದ್ದೆ.

ಛಾಪೆಯಲ್ಲಿರುವುದು ರಾಣಿಯ ತಲೆ. ಹಿಂಬದಿಯ ಷರಾದಲ್ಲಿ 1877ರ ಜನವರಿ ಎಂದು ಸ್ಪಷ್ಟವಾಗಿ ಇದೆ, ತಾರೀಖಿನ ಅಂಕೆಯನ್ನು ಮಾತ್ರ ಗೆದ್ದಲು ತಿಂದಿದೆ. ಅಲ್ಲಿಗೆ ತೋಟಿಗರು ಹೇಳಿದಂತೆ ಈ ಗಣಪತಿ ನನ್ನ ಮುತ್ತಜ್ಜನಲ್ಲ, ಮುತ್ತಜ್ಜನ ಅಜ್ಜ. ಎರಡು ತಲೆ ಒಮ್ಮೆಲೇ ಹಿಂದಕ್ಕೆ ಹೋದಂತಾಯಿತು, ಹಾಗೂ ನಾರಾಯಣನನ್ನು ಮುತ್ತಜ್ಜನ ತಮ್ಮನೆಂದು ನಾನು ಹುಡುಕುತ್ತಿದ್ದದ್ದೇ ತಪ್ಪಾಗಿತ್ತು.

ಎಂಬತ್ತೆಂಟು ವರ್ಷದ ಸೋದರತ್ತೆಯನ್ನು ಸೂತಕದ ಪ್ರಶ್ನೆ ಕೇಳಿದೆ. ಹೆಸರು ಕೇಳಿದಾಗ ತಲೆ ಅಲ್ಲಾಡಿಸಿದ್ದವರು ಈ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಐದು ಮನೆ ಹೇಳಿದರು. ನಾಲ್ಕು ನಮಗೆ ಗೊತ್ತಿರುವವು. ಐದನೆಯದು ಹೊಳೆಯ ಆಚೆ ದಡದ ಒಂದು ಮನೆ; ತಮ್ಮ ಮದುವೆಗೆ ಮುಂಚೆ ಅಲ್ಲಿ ಯಾರು ತೀರಿಕೊಂಡರೂ ನಮ್ಮಲ್ಲಿ ಸೂತಕ ಹಿಡಿಯುತ್ತಿದ್ದರು, ಏಕೆಂದು ಯಾರೂ ಹೇಳಲಿಲ್ಲ, ಆಮೇಲೆ ಹೋಗಿಬರುವುದು ನಿಂತಿತು ಎಂದರು. ಆ ಮನೆಯ ಹಿರಿಯ ಗಂಡುಮಕ್ಕಳ ಹೆಸರು ಕೇಳಿದಾಗ, ಒಬ್ಬ ನಾರಾಯಣನಿದ್ದ, ಅವನ ಅಜ್ಜನೂ ನಾರಾಯಣನೇ ಇರಬೇಕು ಎಂದರು. ಬರುವ ಭಾನುವಾರ ಅತ್ತೆಯನ್ನು ಕರೆದುಕೊಂಡು ಅಲ್ಲಿಗೆ ಹೋಗುವವನಿದ್ದೇನೆ. ಪತ್ರವನ್ನೂ ಒಯ್ಯುತ್ತೇನೆ. ಖರ್ಚಾದದ್ದು ಹುಬ್ಬಳ್ಳಿಯಿಂದ ಊರಿಗೆ ಬಸ್ಸಿನ ದುಡ್ಡು ಮಾತ್ರ.

ಹಾಲಕ್ಕಿ ಕೊಪ್ಪದವಳು

ನಮ್ಮ ಕಡೆಯಿಂದಲೂ ಒಂದು ಸುದ್ದಿ. ಒಡೆಯರ ಮನೆಯವರೇ ಸರ್ವೆ ನಂಬರು ಹೇಳಿದರು. ನಮೂನೆ 7ರ ಕಡತಕ್ಕೆ ಅರ್ಜಿ ಕೊಟ್ಟಿದ್ದೇನೆ. ಬುದವಂತರ ಹೇಳಿಕೆಯನ್ನು ಬರೆದುಕೊಂಡಾಯಿತು, ಎರಡು ಸಂಜೆ ಹಿಡಿಯಿತು, ಏಕೆಂದರೆ ಅವರು ನಮ್ಮ ಮನೆಗೆ ಬರುವ ಮೊದಲು ಇಡೀ ಕೊಪ್ಪವನ್ನು ಸುತ್ತಿ ಬಂದರು. ಅದನ್ನೂ ಬಿಡದೆ ಬರೆದಿದ್ದೇನೆ, ನೆರೆಯವರಿಗೆ ಬೇಕಾಗುತ್ತದೆ.

ಕುಮಟೆಯ ನಿವೃತ್ತ ಗ್ರಾಮಲೆಕ್ಕಿಗ

ಗಂಗಾವಳಿಯವರೇ, ಭಾನುವಾರ ಮೂಲ ಪತ್ರ ಒಯ್ಯಬೇಡಿ, ಜೆರಾಕ್ಸ್ ಒಯ್ಯಿರಿ. ಐವತ್ತು ವರ್ಷ ಮಾತಿಲ್ಲದ ದಾಯಾದಿಯ ಅಂಗಳಕ್ಕೆ ಹಿಸ್ಸೆ ಪತ್ರ ಹಿಡಿದುಕೊಂಡು ಹೋದರೆ ಅವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ನೀರು ಬೆಲ್ಲ ಕೊಡುವ ಮೊದಲೇ, ಪಾಲು ಕೇಳಲು ಬಂದವರಲ್ಲ ಎಂದು ಅತ್ತೆಯವರ ಬಾಯಿಂದ ಹೇಳಿಸಿಬಿಡಿ.